ಆರು ನದಿಗಳ ನಾಡಿನಲ್ಲಿ ಒಂದು ಹೆಸರು

ಮೂರನೆಯ ಬಹುಮಾನವೇ ಯಾಕೆ, ಮೊದಲನೆಯದು ಯಾಕಾಗಬಾರದು ಎಂಬ ಪ್ರಶ್ನೆ, ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಮರಿಯಾಮಾಳ ತಲೆಯನ್ನು ಪೂರ್ತಿ ಹಿಡಿದುಕೊಂಡುಬಿಟ್ಟಿತು. ಕೇಳಬೇಕಾದ ಪ್ರಶ್ನೆ ಅದಲ್ಲ ಎಂದು ಅವಳಿಗೇ ಗೊತ್ತಿತ್ತು. ಪಕ್ಕದಲ್ಲಿ ನಿಂತಿದ್ದಾಕೆ ಕಿವಿಗಳಿಗೆ ಮೇಣದ ಚೂಪು ತುದಿ ಅಂಟಿಸಿಕೊಂಡು, ನೆಲ ಗುಡಿಸುವಂಥ ಹಸಿರು ನಿಲುವಂಗಿ ತೊಟ್ಟ, ಅರವತ್ತು ದಾಟಿದ ವನದೇವತೆ. ಎರಡು ಮಹಡಿ ಇಳಿಯುವವರೆಗೆ ಮರಿಯಾಮಾಳ ಬಟ್ಟೆಯನ್ನೇ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ, "ಆರು ನದಿ ಕಥೆಯ ದಕ್ಷಿಣದವರ ವೇಷ ಎಷ್ಟು ಚೆನ್ನಾಗಿ ಹಾಕ್ಕೊಂಡಿದ್ದೀರಿ. ನೀವೇ ಹೊಲಿದದ್ದಾ? ಸಾಯಂಕಾಲ ವೇಷದ ಸ್ಪರ್ಧೆಗೆ ಹೆಸರು ಕೊಡಿ, ಮೂರನೇ ಬಹುಮಾನಕ್ಕಂತೂ ಮೋಸ ಇಲ್ಲ" ಎಂದಿದ್ದಳು. ಅದು ವೇಷವಲ್ಲ, ಪಶ್ಚಿಮ ಆಫ್ರಿಕದ ಫ್ರೀಟೌನಿನಿಂದ ದೊಡ್ಡಮ್ಮ ಕಳಿಸಿದ ನೀಲಿ ಬಟ್ಟೆ, ಲೆಸ್ಟರಿನ ಟೈಲರ್ ಹೊಲಿದದ್ದು, ನಮ್ಮ ಮನೆಯವರು ಮದುವೆ ನಾಮಕರಣಗಳಿಗೆ ಇಂಥದ್ದನ್ನೇ ಹಾಕಿಕೊಳ್ಳುವುದು ಎಂದು ಹೇಳಬಹುದಿತ್ತು. ಈ ಬಗೆಯ ಮಾತಿಗೆ ಏನು ಉತ್ತರ ಕೊಡಬೇಕೆಂದು ಅವಳು ವಿದ್ಯಾರ್ಥಿಗಳಿಗೆ ಒಂದು ಇಡೀ ತರಗತಿಯಲ್ಲಿ ಹೇಳಿಕೊಟ್ಟದ್ದೂ ಉಂಟು. ಈಗ ಬಾಯಿಂದ ಬಂದದ್ದು "ಥ್ಯಾಂಕ್ಸ್" ಎಂಬ ಒಂದೇ ಮಾತು. ವನದೇವತೆ ನಕ್ಕು, ನಿಲುವಂಗಿ ಎತ್ತಿಕೊಂಡು, ತಿಂಡಿಯ ಕೋಣೆಯ ಕಡೆ ಹೋದಳು.

ಪ್ರತಿ ವರ್ಷ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಡರ್ಬಿ ಊರಾಚೆಯ ಈ ಹೋಟೆಲಿನಲ್ಲಿ, ಕತ್ತಿ ಕೋಟೆ ಡ್ರ್ಯಾಗನ್ನುಗಳ ಕಾದಂಬರಿಗಳನ್ನು ಓದುವವರೂ ಬರೆಯುವವರೂ ಸೇರುತ್ತಾರೆ. ಅಲ್ಲಿಗೆ ಮರಿಯಾಮಾ ಮೊದಲು ಬಂದದ್ದು ಬರಿಯ ಓದುವವಳಾಗಿ, ಈಗ ಬರುವುದು ಡಾಕ್ಟರ್ ಬಂಗುರಾ ಆಗಿ, ಅಂದರೆ ಗೋಷ್ಠಿಗಳಲ್ಲಿ ಮೇಜಿನ ಆಚೆ ಕೂರುವವಳಾಗಿ. ಮಧ್ಯಯುಗದ ಇತಿಹಾಸ ಕಲಿಸುತ್ತಾಳೆ, ವಯಸ್ಸು ಮೂವತ್ತೈದು, ಸಿಟ್ಟಿಗೆ ಹೆಸರಾದವಳು. ಆ ಸಿಟ್ಟಿಗೇ ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಜನ ಕಾಯುತ್ತಿದ್ದಾರೆ. ಕ್ಲೆಮೆಂಟ್ ಆಕ್ಸ್‌ಬಿಯ ಜೊತೆ ಒಂದೇ ಮೇಜಿನಲ್ಲಿ ಅವಳನ್ನು ಕೂರಿಸಿದ್ದಾರೆ. ‘ಆರು ನದಿಗಳ ನಾಡು’ ಎಂಬ ಕಥಾಮಾಲೆಯ ಒಂಬತ್ತನೆಯ ಮತ್ತು ಕೊನೆಯ ಸಂಪುಟ ಇವತ್ತು ಬೆಳಿಗ್ಗೆಯಷ್ಟೇ ಮಳಿಗೆಗೆ ಬಂದಿದೆ. ಅದನ್ನು ಬರೆದ ಮುದುಕನನ್ನು ಅವಳು ಹರಿದು ಹಾಕುತ್ತಾಳೆಂದು ಎಲ್ಲರೂ ಆಸೆಯಿಂದಿದ್ದಾರೆ. ಅವಳ ಕಣ್ಣು ಮಾತ್ರ ಬೆಳಗಿನಿಂದ ಆ ಮಳಿಗೆಯ ಕಡೆಗೇ. ಆ ಸಂಪುಟದಲ್ಲಿ ಅವಳ ಹೆಸರಿದೆ. ಒಂಬತ್ತು ವರ್ಷದ ಹಿಂದೆ ಇದೇ ಸಮ್ಮೇಳನದಲ್ಲಿ, ಮಕ್ಕಳ ಆಸ್ಪತ್ರೆಯ ಸಹಾಯಾರ್ಥ ಚೀಟಿ ಎತ್ತಿದ್ದರು. ಗೆದ್ದವರ ಹೆಸರನ್ನು ಲೇಖಕ ತನ್ನ ಮುಂದಿನ ಪುಸ್ತಕದ ಯಾವುದಾದರೂ ಪಾತ್ರಕ್ಕೆ ಇಡಬೇಕು. ಈ ಜನರಲ್ಲಿ ಅದು ಹಳೆಯ ಪದ್ಧತಿ. ಅದಕ್ಕಾಗಿ ಕಾದು ಕೂತವರಿದ್ದಾರೆ. ಪುಸ್ತಕದಲ್ಲಿ ಮೂರನೆಯ ಪುಟದಲ್ಲೇ ತಲೆ ಕಡಿಸಿಕೊಂಡು ಸತ್ತು, ಆ ಪುಟಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡ ದಂತವೈದ್ಯರೂ ಇದ್ದಾರೆ. ಆ ವರ್ಷ ಬಂದ ಚೀಟಿ ಮರಿಯಾಮಾಳದು. ಬಾರಿನ ಹತ್ತಿರ ಆಕ್ಸ್‌ಬಿ ಬಿಯರ್ ಲೋಟ ಹಿಡಿದುಕೊಂಡೇ ಅವಳ ಹತ್ತಿರ ಬಂದು, "ಏನಾಗಬೇಕು ಅಂತ ಆಸೆ ಇದೆಯಾ?" ಎಂದು ಕೇಳಿದ್ದ. ಹನ್ನೊಂದು ವರ್ಷದವಳಾಗಿದ್ದಾಗಿನಿಂದ ಆ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡಿದ್ದವಳು, ಕಿವಿ ಬಿಸಿಯಾಗಿ, ಚೀಲದ ಪಟ್ಟಿ ಹಿಂಡುತ್ತ, "ಏನಾದ್ರೂ ಪರವಾಗಿಲ್ಲ" ಎಂದಿದ್ದಳು.

ಏನಾದರೂ ಪರವಾಗಿಲ್ಲ. ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತು ಓದುತ್ತಿದ್ದ ಹುಡುಗಿಗೆ ಈ ಉತ್ತರ ಗೊತ್ತಾಗಿದ್ದರೆ ಉಗಿಯುತ್ತಿದ್ದಳು. ಅಮ್ಮ ಲೆಸ್ಟರಿನಲ್ಲಿ ಬಸ್ ಓಡಿಸುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಯಾರೂ ಇಲ್ಲದ್ದರಿಂದ ಮಗಳು ಅಮ್ಮನ ಬಸ್ಸನ್ನೇ ಹತ್ತಿ, ಊರನ್ನು ಸುತ್ತಿ ಸುತ್ತಿ, ಪಾಳಿ ಮುಗಿಯುವವರೆಗೆ ಓದಬೇಕಿತ್ತು. ಕೆಳಗಿನಿಂದ ಅಮ್ಮ ಮೈಕಿನಲ್ಲಿ ಎಲ್ಲ ಪ್ರಯಾಣಿಕರಿಗೂ ಕೇಳುವಂತೆ, "ಮಗಾ, ಬ್ರೆಡ್ ತಿಂದ್ಯಾ?" ಎನ್ನುವಳು. ಮೇಲೆ ಆರು ನದಿಗಳು ಹರಿಯುತ್ತಿದ್ದವು. ಹಿಮ, ತೋಳ, ಕೊಟ್ಟ ಮಾತಿಗಾಗಿ ಸಾಯುವ ಬಿಳಿಯ ತರುಣರು, ಅವರಿಗಾಗಿ ಗೋಪುರದ ಕಿಟಕಿಯಲ್ಲಿ ನಿಲ್ಲುವ ಇನ್ನೂ ಬಿಳಿಯ ತರುಣಿಯರು. ಒಂದು ಸಂಪುಟ ಬಿಟ್ಟು ಒಂದು ಸಂಪುಟದಲ್ಲಿ ದಕ್ಷಿಣದವರು ಬರುತ್ತಿದ್ದರು. ಕಪ್ಪು ಜನ, ಹಡಗುಗಳಲ್ಲಿ, ಸಾವಿರಗಟ್ಟಲೆ, ನಗಾರಿ ಬಾರಿಸಿಕೊಂಡು. ಬಂದು ಸಾಯುತ್ತಿದ್ದರು. ಯಾರಿಗೂ ಹೆಸರಿರಲಿಲ್ಲ, ಯಾರೂ ಮಾತಾಡುತ್ತಿರಲಿಲ್ಲ. ಅವರಲ್ಲಿ ಒಬ್ಬನಾದರೂ ಬಾಯಿ ಬಿಡಲಿ ಎಂದು ಹುಡುಗಿ ಪುಟ ಪುಟ ಕಾದಳು. ನಾಲ್ಕನೆಯ ಸಂಪುಟದ ಕೊನೆಗೆ ಕೋಟೆಯ ಗೋಡೆಯ ಕೆಳಗೆ ಬಿದ್ದಿದ್ದ ಒಬ್ಬ ದಕ್ಷಿಣದವನು, "ನೀರು" ಎಂದ. ಎಂದು ಸತ್ತ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಮೆಟ್ಟಿಲಿಳಿದು ಅಮ್ಮನಿಗೆ ಹೇಳಲು ಓಡಿದಳು. "ಸತ್ತನಾ? ಮತ್ತೆ ಖುಷಿ ಯಾಕೆ? ಹಳದಿ ಗೆರೆಯಿಂದ ಹಿಂದೆ ನಿಂತ್ಕೋ" ಎಂದಳು ಅಮ್ಮ.

ಸತ್ತವನ ಆ ಒಂದೇ ಮಾತಿನಿಂದ ಮುಂದೆ ಅವಳ ಹೊಟ್ಟೆ ತುಂಬಿತು. ಚೀಟಿ ಗೆದ್ದ ಮರುವರ್ಷ ಅವಳು ‘ನೀರು’ ಎಂಬ ಲೇಖನ ಬರೆದಳು. ಎಂಟು ಸಂಪುಟಗಳಲ್ಲಿ ಕಪ್ಪು ಮನುಷ್ಯನೊಬ್ಬ ಆಡಿದ ಒಂದೇ ಪದವನ್ನು ಹಿಡಿದು ಇಡೀ ನಾಡನ್ನು ಜಾಲಾಡಿದಳು. ಹೆಂಗಸರನ್ನೂ ಬಿಡಲಿಲ್ಲ. ಆಕ್ಸ್‌ಬಿಯ ಹೆಂಗಸರು ಒಂದೋ ಕಾಯುತ್ತಾರೆ, ಇಲ್ಲವೇ ಸತ್ತು ನಾಯಕನಿಗೆ ಸಿಟ್ಟು ಬರಿಸುತ್ತಾರೆ ಎಂದು ತೋರಿಸಿದಳು. ಬೆಟ್ಟ ನದಿಗಳನ್ನೆಲ್ಲ ಹೆಣ್ಣಿನ ಮೈಯಂತೆ ವರ್ಣಿಸುವ ಅವನ ಚಟಕ್ಕೆ ಮುಂದೆ ಪ್ರತ್ಯೇಕ ಅಧ್ಯಾಯವೇ ಬಂತು. ಲೇಖನ ಪುಸ್ತಕವಾಯಿತು, ಪುಸ್ತಕದಿಂದ ಕೆಲಸ ಸಿಕ್ಕಿತು, ಕೆಲಸದಿಂದ ಶತ್ರುಗಳು ಸಿಕ್ಕರು. ಇಷ್ಟೆಲ್ಲ ನಡೆಯುವಾಗಲೂ ಆಕ್ಸ್‌ಬಿ ತುಟಿ ಬಿಚ್ಚಲಿಲ್ಲ, ಒಂಬತ್ತನೆಯ ಸಂಪುಟವನ್ನೂ ಮುಗಿಸಲಿಲ್ಲ. ಅವಳು ಮಾತ್ರ ಒಂದು ಕೈಯಲ್ಲಿ ಅವನನ್ನು ಬಡಿಯುತ್ತ, ಇನ್ನೊಂದು ಕೈ ಎದೆಗೆ ಒತ್ತಿಕೊಂಡು ಕಾಯುತ್ತಲೇ ಇದ್ದಳು. ನನ್ನನ್ನು ಏನು ಮಾಡಿರಬಹುದು? ಒಬ್ಬ ಮನುಷ್ಯಳಾಗಿ ಆ ನಾಡಿನೊಳಗೆ ಕಾಲಿಡುವುದು, ಅಷ್ಟೇ ಅವಳಿಗೆ ಬೇಕಾದದ್ದು. ಅದನ್ನು ಯಾರ ಮುಂದೆ ಹೇಳಿಕೊಂಡರೂ ಮಾನ ಹೋಗುವಂತಿತ್ತು.

ಮಾನ ಹೋಗದ ಹಾಗೆ ಆ ಪುಸ್ತಕವನ್ನು ನೋಡುವುದು ಹೇಗೆ ಎಂಬುದು ಬೆಳಗಿನ ಸಮಸ್ಯೆಯಾಯಿತು. ಮಳಿಗೆಯ ಮುಂದೆ ಉದ್ದ ಸಾಲಿತ್ತು. ಮಾಂತ್ರಿಕರು, ಇಬ್ಬರು ಕುಬ್ಜರು, ಮಗುವನ್ನು ಡ್ರ್ಯಾಗನ್ ಮರಿ ಮಾಡಿ ಬೆನ್ನಿಗೆ ಕಟ್ಟಿಕೊಂಡ ದಂಪತಿ. ಅವಳು ಪಕ್ಕದ ಮಳಿಗೆಯಲ್ಲಿ ಮರದ ಚಮಚಗಳ ಬಗ್ಗೆ ಅತಿಯಾದ ಆಸಕ್ತಿ ತೋರಿಸುತ್ತ ನಿಂತಳು. ಹರ್ಷದ್ ಅವಳನ್ನು ನೋಡಿಬಿಟ್ಟ. ಅವನು ಲೆಸ್ಟರಿನ ಗುಜರಾತಿ ಅಂಗಡಿಯವರ ಮಗ, ಅವಳ ಜೊತೆ ಶಾಲೆಯಲ್ಲಿ ಓದಿದವನು, ಅದೇ ಎಂಟು ಸಂಪುಟಗಳನ್ನು ಅವಳ ನಂತರ ಅದೇ ಗ್ರಂಥಾಲಯದಿಂದ ತಂದವನು, ಈಗ ಪುಸ್ತಕ ಮಾರುತ್ತಾನೆ.

"ಚಮಚ ತಗೊಳ್ತೀಯೇನೇ?" ಎಂದ, ಸಾಲಿಗೆಲ್ಲ ಕೇಳುವಂತೆ.

ಅವಳು ಹತ್ತಿರ ಬಂದು ಪಿಸುಗುಟ್ಟಿದಳು. "ಒಂದು ಪ್ರತಿ ಮೇಜಿನ ಕೆಳಗಿಂದ ಕೊಡೋ."

"ಆಗಲ್ಲ. ನೀನು ಸಾಲಲ್ಲಿ ನಿಲ್ಲಬೇಕು, ನಾನು ಫೋಟೊ ತೆಗೀಬೇಕು. ‘ನೀರು’ ಬರೆದವಳು ಪುಸ್ತಕಕ್ಕೆ ಬಾಯಿ ಬಿಟ್ಕೊಂಡು ನಿಂತಿದ್ದಾಳೆ ಅಂತ."

"ಓದಿದ್ಯಾ?"

"ಮಾರೋರಿಗೆ ಮೊದಲೇ ಕಳಿಸಿದ್ರು, ನಿನ್ನೆಯೇ ಮುಗಿಸ್ದೆ. ಎಲ್ಲಾರೂ ಸಾಯ್ತಾರೆ ಕಣೇ. ಕುದುರೆ ಸಮೇತ."

ಅವಳು ಇನ್ನೂ ಹತ್ತಿರ ಸರಿದಳು. "ನಾನೂ?"

"ನೀನು ಸಾಯಲ್ಲ. ಉಳಿಯೋಳು ನೀನೊಬ್ಳೇ ಅಂತ ಬೇಕಾದ್ರೆ ಹೇಳು." ಹರ್ಷದ್ ಒಬ್ಬ ಮಾಂತ್ರಿಕನಿಗೆ ಚಿಲ್ಲರೆ ಕೊಡುತ್ತ, ಮುಖವನ್ನು ಬಿಗಿಹಿಡಿದುಕೊಂಡಿದ್ದ.

"ರಾಣಿನಾ?"

"ಅಲ್ಲ."

"ಕೆಲಸದವಳಾ? ಹರ್ಷದ್, ಕೆಲಸದವಳು ಮಾಡಿದ್ರೆ ನಾನು ಆ ಮುದುಕನ್ನ ಬಿಡಲ್ಲ."

"ಛೆ ಛೆ. ಆದ್ರೆ ಎಲ್ಲರಿಗೂ ಉಪಯೋಗಕ್ಕೆ ಬರ್ತೀಯ."

"ಕೆಟ್ಟವಳಾ?" ಎಂದು ಕೇಳುವಾಗ ದನಿಯಲ್ಲಿ ಆಸೆ ಇಣುಕಿದ್ದು ಅವಳಿಗೇ ಕೇಳಿಸಿತು. ವಿಷ ಹಾಕುವವಳಾದರೂ ಆಗಬಹುದು. ಗಿಡಮೂಲಿಕೆ ಬಲ್ಲ, ಯಾರಿಗೂ ಬಗ್ಗದ, ಐವತ್ತು ಪುಟ ಕಾಡುವ ಒಬ್ಬಳು.

"ಬೇಸಿಗೇಲಿ ಸ್ವಲ್ಪ" ಎಂದ ಹರ್ಷದ್.

"ಬೇಸಿಗೇಲಿ ಅಂದ್ರೆ? ಕುದುರೆ ಮಾಡಿಲ್ಲ ತಾನೆ?"

"ಕುದುರೆಗಳು ಬರ್ತವೆ" ಎಂದವನು ಇನ್ನು ತಡೆಯಲಾರದೆ ಮೇಜಿನ ಕೆಳಗೆ ಬಗ್ಗಿದ. ಏನೋ ಹುಡುಕುವವನಂತೆ ಬಹಳ ಹೊತ್ತು ಅಲ್ಲೇ ಇದ್ದು, ಭುಜ ಕುಲುಕಿಸಿಕೊಂಡು ನಕ್ಕ. ಅಷ್ಟರಲ್ಲಿ ಹೊರಗೆ ಬೆರಿಲ್ ಸ್ಟಬ್ಸ್ ಕೈಗಂಟೆ ಬಾರಿಸುತ್ತ ಬಂದಳು. ಮೂವತ್ತು ವರ್ಷದಿಂದ ಈ ಸಮ್ಮೇಳನದ ಗೋಷ್ಠಿಗಳನ್ನು ನಡೆಸುತ್ತಿರುವ, ಎಲ್ಲ ಜಗಳಗಳ ನಡುವೆಯೂ ಹೆಣಿಗೆ ಬಿಡದ ಬೆರಿಲ್. "ಡಾಕ್ಟರ್ ಬಂಗುರಾ, ಸಭಾಂಗಣ ತುಂಬಿದೆ. ಬನ್ನಿ, ಬನ್ನಿ, ನಮಗೆ ಮುಕ್ಕಾಲು ಗಂಟೆ ಮಾತ್ರ. ಆಮೇಲೆ ಅಲ್ಲೇ ಡ್ರ್ಯಾಗನ್ನುಗಳ ಜೀರ್ಣಾಂಗದ ಬಗ್ಗೆ ಇದೆ" ಎಂದು ತೋಳು ಹಿಡಿದು ಎಳೆದುಕೊಂಡೇ ಹೋದಳು.

ಗೋಷ್ಠಿಯ ಹೆಸರು ‘ಹಳೆಯ ಕಾಲದ ಕಥೆಗಳಲ್ಲಿ ಹೆಂಗಸರು, ಕಪ್ಪು ಜನ: ಈ ಜಗಳ ಇನ್ನೆಷ್ಟು ದಿನ?’ ಆಕ್ಸ್‌ಬಿ ಆಗಲೇ ಕೂತಿದ್ದ. ಎಪ್ಪತ್ತಮೂರು ವರ್ಷ, ಮೊಣಕೈಗೆ ತೇಪೆ ಹಾಕಿದ ಕಾರ್ಡಿಗನ್, ಜೇಬಿನಲ್ಲಿ ಮೂರು ಪೆನ್ಸಿಲು. ಬರೆಯುವುದಕ್ಕೆ ಮೊದಲು ಶಾಲೆಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದವನು. ಅವನ ಮುಂದೆ ಒಂಬತ್ತನೆಯ ಸಂಪುಟವನ್ನು ನಿಲ್ಲಿಸಿಟ್ಟಿದ್ದರು. ಹೊದಿಕೆಯ ಮೇಲೆ ಹಿಮ, ತೋಳ, ಒಬ್ಬ ಬಿಳಿಯ ತರುಣ. ಅವಳು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಸುಮ್ಮನೆ ತೆಗೆದು ತಿರುವಿ ಹಾಕಿದರೆ ಯಾರು ಏನು ಅಂದುಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದಳು. ಎಲ್ಲರೂ ಎಲ್ಲವನ್ನೂ ಅಂದುಕೊಳ್ಳುತ್ತಾರೆ. ಬಾಯಾರಿತ್ತು, ಹೂಜಿ ಎತ್ತಿ ಲೋಟಕ್ಕೆ ಬಗ್ಗಿಸಿಕೊಂಡಳು. ಸಭೆಯಲ್ಲಿ ಮುಸಿಮುಸಿ ನಗು ಹರಡಿತು. ‘ನೀರು’ ಬಂದ ಮೇಲೆ ಈ ಜನರ ಮುಂದೆ ಅವಳು ನೆಮ್ಮದಿಯಾಗಿ ನೀರು ಕುಡಿದದ್ದೇ ಇಲ್ಲ.

ಬೆರಿಲ್ ಹೆಣಿಗೆ ತೊಡೆಯ ಮೇಲಿಟ್ಟುಕೊಂಡು, "ಶುರು ಮಾಡಿ, ಡಾಕ್ಟರ್ ಬಂಗುರಾ" ಎಂದಳು. ಮಾತು ತಾನಾಗಿಯೇ ಬಂತು. ಎಷ್ಟು ಸಲ ಆಡಿದ್ದೋ ಏನೋ, ನಾಲಿಗೆ ತನ್ನ ಪಾಡಿಗೆ ಅದನ್ನು ನಡೆಸಿಕೊಂಡು ಹೋಗುತ್ತಿದ್ದರೆ ಕಣ್ಣು ಪುಸ್ತಕದ ಮೇಲೇ ಇತ್ತು. ಬಿಯರಿನ ವಿಷಯ ತೆಗೆದಳು. ಎಂಟು ಸಂಪುಟಗಳಲ್ಲಿ ಗಂಡಸರು ಹೊಳೆಯಷ್ಟು ಬಿಯರ್ ಕುಡಿದಿದ್ದಾರೆ, ಅದನ್ನು ಕಾಸಿದವರು ಯಾರು? ನಿಜವಾದ ಮಧ್ಯಯುಗದ ಊರುಗಳಲ್ಲಿ ಅದು ಹೆಂಗಸರ ಕಸುಬು. ಅಳತೆಯಲ್ಲಿ ಮೋಸ ಮಾಡಿ ದಂಡ ಕಟ್ಟಿದ ಹೆಂಗಸರ ಹೆಸರುಗಳು ಹಳೆಯ ದಾಖಲೆಗಳ ತುಂಬ ಇವೆ. "ಆರು ನದಿಗಳ ನಾಡಿನಲ್ಲಿ ಮೋಸ ಮಾಡೋಕಾದ್ರೂ ಒಬ್ಬ ಹೆಂಗಸಿಗೆ ಅವಕಾಶ ಕೊಟ್ಟಿದ್ದೀರಾ?" ಎಂದಾಗ ಜನ ನಕ್ಕರು, ಆಕ್ಸ್‌ಬಿಯೂ ನಕ್ಕ, ಜೇಬಿನಿಂದ ಪೆನ್ಸಿಲು ತೆಗೆದು ಬರೆದುಕೊಂಡ. ಕಪ್ಪು ಜನ ಆ ಕಾಲದ ಬಂದರುಗಳಲ್ಲಿ, ಆಸ್ಥಾನಗಳಲ್ಲಿ, ಮಠಗಳಲ್ಲಿ ಇದ್ದರು ಎಂದಳು. ನಿಮಗೆ ಹಾರುವ ಹಲ್ಲಿ ನಂಬೋಕಾಗುತ್ತೆ, ಅದರ ಕೆಳಗೆ ನನ್ನಂಥವಳೊಬ್ಬಳು ಸಂತೆಯಲ್ಲಿ ಈರುಳ್ಳಿ ಕೊಳ್ಳೋದನ್ನ ನಂಬೋಕಾಗಲ್ಲ ಎಂದಳು. ಇದನ್ನೆಲ್ಲ ಆಡುತ್ತಿರುವವಳು ತಾನೇ ಎಂದು ಅವಳಿಗೆ ಅನಿಸಲಿಲ್ಲ. ಆಡುತ್ತಿರುವವಳಿಗೆ ಅಳುಕಿಲ್ಲ, ಅವಳು ಡಾಕ್ಟರ್ ಬಂಗುರಾ. ಒಳಗೆ ಕೂತವಳು, ಬೇಸಿಗೆಯಲ್ಲಿ ಮಾತ್ರ ಕೆಟ್ಟವಳಾಗುವ, ಎಲ್ಲರಿಗೂ ಉಪಯೋಗಕ್ಕೆ ಬರುವ, ಕುದುರೆಗಳು ಬರುವ ಹೆಂಗಸು ಯಾರಿರಬಹುದೆಂದು ಒಗಟು ಬಿಡಿಸುತ್ತಿದ್ದಳು. ವಸತಿಗೃಹ ನಡೆಸುವವಳು! ಬೇಸಿಗೆಯಲ್ಲಿ ದರ ಏರಿಸುತ್ತಾಳೆ. ಪರವಾಗಿಲ್ಲ, ಕೆಟ್ಟದ್ದಲ್ಲ. ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಎಲ್ಲರೂ ಸತ್ತ ಮೇಲೂ ವಸತಿಗೃಹ ಇರಬೇಕಾದದ್ದೇ.

"ನೀವೇನಂತೀರಿ, ಕ್ಲೆಮೆಂಟ್?" ಎಂದಳು ಬೆರಿಲ್.

"ಡಾಕ್ಟರ್ ಬಂಗುರಾ ಹೇಳೋದೆಲ್ಲ ಸರಿ" ಎಂದ ಆಕ್ಸ್‌ಬಿ. ಸಭೆಗೆ ನಿರಾಸೆಯಾಯಿತು. ಜಗಳ ನೋಡಲು ಬಂದವರಿಗೆ ಇಂಥ ಮಾತು ಸಪ್ಪೆ. "ಅವರ ಪುಸ್ತಕ ನಾನು ನಾಲ್ಕು ಸಲ ಓದಿದೀನಿ. ಈ ಸಂಪುಟ ತಡ ಆಗಿದ್ದಕ್ಕೆ ಅದೇ ಕಾರಣ. ಒಬ್ಬ ಹೆಂಗಸನ್ನ ಬಾಗಿಲಿಂದ ಒಳಗೆ ಕರ್ಕೊಂಡು ಬರೋಕೆ ಮೊದಲು ಹತ್ತು ನಿಮಿಷ ಹೆದರ್ಕೊಂಡು ಕೂರ್ತಿದ್ದೆ."

ಆಗ ನಡುವಿನ ಸಾಲಿನಿಂದ ಸರಪಳಿ ಸದ್ದು ಬಂತು. ಕೀತ್ ಎದ್ದು ನಿಲ್ಲುತ್ತಿದ್ದ. ಉಕ್ಕಿನ ಸಣ್ಣ ಬಳೆಗಳನ್ನು ಹೆಣೆದ ಕವಚ ತೊಟ್ಟು ಬರುವ, ವೃತ್ತಿಯಲ್ಲಿ ಭೂಮಾಪಕನಾದ, ಅವನು ಎದ್ದರೆ ಎಲ್ಲರೂ ಕಣ್ಣು ಮುಚ್ಚಿಕೊಳ್ಳುವ ಕೀತ್. ಅವನ ಕೈಯಲ್ಲಿ ಹೊಸ ಸಂಪುಟವಿತ್ತು, ಪುಟಗಳ ನಡುವೆ ಕಾಗದದ ಚೂರುಗಳಿದ್ದವು.

"ಇದು ಪ್ರಶ್ನೆ ಅಲ್ಲ, ಒಂದು ಮಾತು" ಎಂದ ಕೀತ್. ಸಭೆ ನರಳಿತು. "ಹೆಂಗಸರು, ಕಪ್ಪು ಜನ, ಅದೆಲ್ಲ ನೀವು ನೋಡ್ಕೊಳ್ಳಿ. ನನಗೆ ಬೇರೆ ತಕರಾರಿದೆ. ಈ ಮಾಲೆ ಹೆಸರು ಆರು ನದಿಗಳ ನಾಡು. ಎಂಟು ಸಂಪುಟದಲ್ಲಿ ಆರು ನದಿ ಇದ್ವು. ಒಂಬತ್ತನೇದರ ನಕ್ಷೆಯಲ್ಲಿ ಎಣಿಸಿದೆ, ಏಳಿದೆ. ಪೂರ್ವದ ಬಯಲಲ್ಲಿ ಅಡ್ಡಡ್ಡಲಾಗಿ ಒಂದು ಹೊಸ ನದಿ. ಹೆಸರು..." ಅವನು ಕನ್ನಡಕ ಸರಿಮಾಡಿಕೊಂಡ. "ಮರಿಯಾಮಾ ಬಂಗುರಾ."

ಎಲ್ಲ ತಲೆಗಳೂ ಅವಳ ಕಡೆ ತಿರುಗಿದವು. ಅವಳು ಲೋಟ ಹಿಡಿದುಕೊಂಡೇ ಇದ್ದಳು, ಬಾಯಿಗೂ ಒಯ್ಯಲಾರದೆ ಕೆಳಗೂ ಇಡಲಾರದೆ. ನದಿ. ತನ್ನನ್ನು ನದಿ ಮಾಡಿದ್ದಾನೆ. ಕೀತನಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಭೂಮಾಪಕನ ಶ್ರದ್ಧೆಯಿಂದ ಮೊದಲ ಕಾಗದದ ಚೂರಿನ ಪುಟ ತೆರೆದು ಗಟ್ಟಿಯಾಗಿ ಓದತೊಡಗಿದ. "‘ಅಲ್ಲಿ ಮರಿಯಾಮಾ ಬಂಗುರಾ ಅಗಲವಾಗಿಯೂ ಕಪ್ಪಾಗಿಯೂ ಹರಿಯುತ್ತಿದ್ದಳು. ಅವಳ ಆಳವನ್ನು ಬಲ್ಲವರು ಯಾರೂ ಇರಲಿಲ್ಲ. ಯುವರಾಜನು ಕಡಿವಾಣವನ್ನು ಬಿಗಿಹಿಡಿದು ತನ್ನ ಕುದುರೆಯನ್ನು ಅವಳೊಳಗೆ ಇಳಿಸಿದನು.’ ಇದು ನೂರಾ ಹನ್ನೆರಡನೇ ಪುಟ. ಮುಂದೆ, ‘ನಲವತ್ತು ಸಾವಿರ ಸವಾರರು ಮರಿಯಾಮಾ ಬಂಗುರಾಳನ್ನು ದಾಟಲು ಎರಡು ದಿನ ಹಿಡಿಯಿತು.’ ಆಮೇಲೆ ಇಲ್ಲಿ, ‘ಬೇಸಿಗೆಯಲ್ಲಿ ಮರಿಯಾಮಾ ಬಂಗುರಾ ಬತ್ತಿ ನಾರುತ್ತಿದ್ದಳು.’" ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದಂತೆ ಮಾಡಿ ಎದ್ದು ಹೊರಗೆ ಓಡಿದರು. ಬಾಗಿಲ ಬಳಿ ನಿಂತಿದ್ದ ಹರ್ಷದ್ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಬೆರಿಲ್ ಹೆಣಿಗೆಯಲ್ಲಿ ಒಂದು ಕುಣಿಕೆ ಬಿಟ್ಟಳು.

ಆಕ್ಸ್‌ಬಿಯ ಮುಖ ಕಾದ ಕಬ್ಬಿಣದಷ್ಟು ಕೆಂಪಾಗಿತ್ತು. "ಗಟ್ಟಿಯಾಗಿ ಓದಿದ್ರೆ ಹೀಗೆ ಕೇಳಿಸುತ್ತೆ ಅಂತ ಗೊತ್ತಿರ್ಲಿಲ್ಲ" ಎಂದ. ಅವಳ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಆದರೆ ಮೈಕಿನಲ್ಲಿ, ವಿವರಿಸತೊಡಗಿದ. "ಮೊದಲು ನಿಮ್ಮನ್ನ ರಾಣಿ ಮಾಡಿದ್ದೆ. ಬರೀ ತೋರಿಕೆಗೆ ಅಂತಾರೆ ಅಂದ್ಲು ಸಂಪಾದಕಿ. ವೈದ್ಯೆ ಮಾಡಿದೆ. ಕಪ್ಪು ಹೆಂಗಸು ಬಿಳಿಯರ ಗಾಯ ತೊಳೀತಾ ಕೂರಬೇಕಾ ಅಂದ್ಲು. ಕೋಟೆಗಳಿಗೆ ಕನ್ನ ಹಾಕೋ ಕಳ್ಳಿ ಮಾಡಿದೆ, ಒಂದು ಇಡೀ ಚಳಿಗಾಲ ನೀವು ಕಳ್ಳಿಯಾಗಿದ್ರಿ, ಬಹಳ ಚೆನ್ನಾಗಿದ್ರಿ. ಓದಿ ನನ್ನ ಮಗಳು ಫೋನ್ ಮಾಡಿ, ಕಪ್ಪಗಿದ್ರೆ ಕಳ್ಳೀನೇ ಆಗ್ಬೇಕಾ ಅಂತ ಬೈದಳು. ಕೊಲ್ಲೋಕಂತೂ ಧೈರ್ಯ ಬರಲಿಲ್ಲ. ಆಮೇಲೆ ನಿಮ್ಮ ಪುಸ್ತಕದ ಹೆಸರು ನೋಡಿದೆ. ನೀರು. ಅವರಿಗೆ ನೀರು ಬೇಕು, ನದಿಯನ್ನೇ ಕೊಡೋಣ ಅಂತ. ನೀವೇ ಹೇಳಿದ್ರಲ್ಲ, ಏನಾದ್ರೂ ಪರವಾಗಿಲ್ಲ ಅಂತ. ನಾನು ಭೂಗೋಳದ ಮೇಷ್ಟ್ರು, ನನಗೆ ಇದಕ್ಕಿಂತ ದೊಡ್ಡದು ಗೊತ್ತಿಲ್ಲ. ನನ್ನ ಹೆಂಡತಿಗೆ ಒಂದು ಗುಡ್ಡ ಕೊಟ್ಟಿದೀನಿ ಅಷ್ಟೆ, ಅದೂ ಸಣ್ಣದು."

ಕಳ್ಳಿ. ಒಂದು ಇಡೀ ಚಳಿಗಾಲ ತಾನು ಎಲ್ಲೋ ಒಂದು ಮನೆಯ ಮೇಜಿನ ಮೇಲೆ ಕಳ್ಳಿಯಾಗಿದ್ದೆ, ಕೋಟೆಗಳ ಗೋಡೆ ಹತ್ತುತ್ತಿದ್ದೆ, ಅದು ತನಗೆ ಗೊತ್ತೇ ಇರಲಿಲ್ಲ ಎಂಬ ದುಃಖ ಅವಳಿಗೆ ಇದ್ದಕ್ಕಿದ್ದಂತೆ ಉಮ್ಮಳಿಸಿ ಬಂತು. ಆ ಕಳ್ಳಿಯನ್ನು ಕೊಂದವಳು ಸಂಪಾದಕಿಯೋ, ಮಗಳೋ, ಇಲ್ಲ ಡಾಕ್ಟರ್ ಬಂಗುರಾಳೋ?

"ಅದೆಲ್ಲ ಸರಿ" ಎಂದ ಕೀತ್, ಇನ್ನೂ ನಿಂತೇ ಇದ್ದ. "ನನ್ನ ಮಾತು ಮುಗಿದಿಲ್ಲ. ಈ ನದಿ ಎಲ್ಲಿಂದ ಬಂತು? ಆ ನಾಡಲ್ಲಿ ಇಂಥದ್ದು ಯಾವತ್ತೂ ಇರಲಿಲ್ಲ. ಇತ್ತೀಚಿನವರ ಕಾಟಕ್ಕೆ ತಂದು ತುರುಕಿದ್ದು. ಇದು ಇಲ್ಲಿಗೆ ಸೇರಿದ್ದಲ್ಲ."

ಎಲ್ಲಿಂದ ಬಂತು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಬೆನ್ನು ನೆಟ್ಟಗಾಯಿತು. ಶಾಲೆಯ ಅಂಗಳದಲ್ಲಿ, ಬಸ್ಸಿನ ಮೇಲಂತಸ್ತಿನಲ್ಲಿ, ಕೆಲಸದ ಸಂದರ್ಶನದಲ್ಲಿ, ಆ ಪ್ರಶ್ನೆಗೆ ಎದ್ದುನಿಂತು ರೂಢಿಯಾಗಿಹೋಗಿದ್ದ ಬೆನ್ನು ಅದು. ಕೇಳುತ್ತಿರುವುದು ನದಿಯ ಬಗ್ಗೆ ಎಂಬುದು ಅದಕ್ಕೆ ಹೇಗೆ ತಿಳಿಯಬೇಕು? "ಯಾವತ್ತೂ ಇತ್ತು" ಎಂದಳು. ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ನಕ್ಷೆಯಲ್ಲಿ ಇಲ್ಲ ಅಂದ್ರೆ ನೆಲದ ಮೇಲೆ ಇಲ್ಲ ಅಂತಲ್ಲ. ನಕ್ಷೆ ಬರೆದವರಿಗೆ ಆ ಕಡೆ ಕೆಲಸ ಇರಲಿಲ್ಲ ಅಂತ. ಎರಡನೇ ಸಂಪುಟದಲ್ಲಿ ಪೂರ್ವದ ಬಯಲಲ್ಲಿ ಮೂರು ಊರಿದೆ. ಗೋಧಿ ಬೆಳೀತಾರೆ, ಸಾವಿರ ಕುರಿ ಇದೆ. ಆ ಜನ ಏನು ಕುಡೀತಿದ್ರು?"

"ಬಾವಿ ಇದ್ದಿರಬಹುದು" ಎಂದ ಕೀತ್.

"ಐದನೇ ಸಂಪುಟ, ಹತ್ತನೇ ಅಧ್ಯಾಯ. ರಾಜದೂತ ರಾತ್ರಿ ಅದರಲ್ಲೊಂದು ಊರಿನ ಹಿಟ್ಟಿನ ಗಿರಣಿಯಲ್ಲಿ ಅಡಗಿ ಕೂರ್ತಾನೆ. ಚಕ್ರದ ಸದ್ದಿಗೆ ನಿದ್ದೆ ಬರಲ್ಲ. ನೀರಿನ ಚಕ್ರ, ಕೀತ್. ಬಾವಿ ಮೇಲೆ ಗಿರಣಿ ತಿರುಗುತ್ತಾ?" ಅವಳು ನಿಲ್ಲಿಸಲಿಲ್ಲ. "ಏಳನೇ ಸಂಪುಟದಲ್ಲಿ ಮುದುಕಿಯೊಬ್ಬಳು ಆ ಬಯಲಿಂದ ಒಣಮೀನು ಮಾರೋಕೆ ಬರ್ತಾಳೆ. ಮೀನು ಗದ್ದೆಯಲ್ಲಿ ಬೆಳೀತಾ? ಆ ಕಡೆ ಜನ ಇದ್ರು, ಅವರ ನೀರಿತ್ತು, ಅವರ ಗಿರಣಿ ಇತ್ತು. ಎಂಟು ಸಂಪುಟ ಯಾರೂ ಆ ಕಡೆ ಕಣ್ಣು ಹಾಯಿಸಿಲ್ಲ. ಈಗ ಕಾಣಿಸಿದ್ರೆ ತಂದು ತುರುಕಿದ್ದು ಅಂತೀರಾ? ಅದು ಮೊದಲಿಂದ ಅಲ್ಲಿಯದೇ. ಅದನ್ನ ಎಲ್ಲಿಂದ ಬಂದೆ ಅಂತ ಕೇಳೋ ಹಕ್ಕು ನಿಮಗಿಲ್ಲ."

"ಗಿರಣಿ ಮರೆತಿದ್ದೆ" ಎಂದು ಕೀತ್ ಒಪ್ಪಿಕೊಂಡು, ಸರಪಳಿಯ ರಾಶಿಯಂತೆ ಕುಸಿದು ಕೂತ. ಚಪ್ಪಾಳೆ ಸಭಾಂಗಣವನ್ನು ನಡುಗಿಸಿತು. ಚಪ್ಪಾಳೆ ನಡುವೆ ಅವಳಿಗೆ ಎರಡು ಸಂಗತಿ ಒಟ್ಟಿಗೇ ಅರಿವಿಗೆ ಬಂದವು. ಒಂದು, ಈ ಪುಸ್ತಕಗಳು ತನಗೆ ಬಾಯಿಪಾಠವೆಂದು, ದ್ವೇಷಿಸುವವರು ಯಾರೂ ಒಣಮೀನಿನ ಮುದುಕಿಯನ್ನು ಇಷ್ಟು ವರ್ಷ ನೆನಪಿಟ್ಟುಕೊಳ್ಳುವುದಿಲ್ಲವೆಂದು, ಇಲ್ಲಿದ್ದ ಎಲ್ಲರಿಗೂ ಈಗ ಗೊತ್ತಾಗಿಹೋಯಿತು. ಎರಡು, ತಾನು ಬದುಕಿನಲ್ಲಿ ಮಾಡಿದ ಅತಿ ಒಳ್ಳೆಯ ವಾದವನ್ನು ತಾನೊಂದು ನದಿಯೆಂದು ಸಾಧಿಸುವುದಕ್ಕೆ ಖರ್ಚು ಮಾಡಿದೆ. ನಾಲ್ಕು ವರ್ಷ ಹಿಡಿದು ಬರೆದ, ನೆಲವನ್ನು ಹೆಣ್ಣು ಮಾಡುವ ಚಟದ ಬಗೆಗಿನ ಅಧ್ಯಾಯ ಎಲ್ಲೋ ಒಂದು ಕಪಾಟಿನಲ್ಲಿ ತಲೆತಗ್ಗಿಸಿ ನಿಂತಿರಬೇಕು.

ಆಕ್ಸ್‌ಬಿಯ ಕಣ್ಣು ತೇವವಾಗಿತ್ತು. "ಗಿರಣಿ ನನಗೂ ನೆನಪಿರಲಿಲ್ಲ" ಎಂದ. "ಹಾಗಾದ್ರೆ ನಿಮಗೆ ಇಷ್ಟ ಆಯ್ತು."

"ಇಲ್ಲ" ಎಂದಳು ಮರಿಯಾಮಾ.

"ಬೇಸಿಗೆ ಸಾಲು ತೆಗೆಸ್ತೀನಿ. ಮುಂದಿನ ಮುದ್ರಣದಲ್ಲಿ ವರ್ಷವಿಡೀ ತುಂಬಿ ಹರೀತೀರಿ."

"ಬೇಡ."

"ಮತ್ತೆ ನಿಮಗೆ ಬೇಕಾದದ್ದೇನು ಹೇಳಿ" ಎಂದ ಮುದುಕ. ಕುಹಕವಿರಲಿಲ್ಲ, ಬಾರಿನ ಹತ್ತಿರ ಕೇಳಿದಾಗಲೂ ಇರಲಿಲ್ಲ. ಪೆನ್ಸಿಲು ಹಿಡಿದು ಕಾಯುತ್ತಿದ್ದ. ಡಾಕ್ಟರ್ ಬಂಗುರಾಳ ಬಳಿ ಇದಕ್ಕೆ ಸಿದ್ಧ ಉತ್ತರಗಳಿದ್ದವು, ಪ್ರಾತಿನಿಧ್ಯ, ಸ್ವಂತ ಇಚ್ಛೆ, ಸ್ವಂತ ಚರಿತ್ರೆ. ಎಲ್ಲವೂ ನಿಜ, ಒಂದೂ ನಾಲಿಗೆಗೆ ಬರಲಿಲ್ಲ.

"ಮೊದಲನೇ ಸಂಪುಟ" ಎಂದಳು. ದನಿ ಸಣ್ಣದಾಗಿತ್ತು, ಬೆರಿಲ್ ಮೈಕನ್ನು ಹತ್ತಿರ ಸರಿಸಿದಳು. "ಕಾಡಲ್ಲಿ ಅವರ ಮೊದಲನೇ ರಾತ್ರಿ. ಆರು ಜನ ಬೆಂಕಿ ಸುತ್ತ ಕೂತಿರ್ತಾರೆ. ಇನ್ನೂ ಯಾರೂ ಯಾರಿಗೂ ಸ್ನೇಹಿತರಲ್ಲ. ಮೊಲದ ಸಾರು ಮಾಡಿರ್ತಾರೆ, ಉಪ್ಪು ಜಾಸ್ತಿ ಆಗಿರುತ್ತೆ. ಎಲ್ಲರ ಕಾಲುಚೀಲ ಒಣಗೋಕೆ ಹಾಕಿರ್ತಾರೆ. ನಾನು ಅಲ್ಲಿ ಕೂತಿರಬೇಕಿತ್ತು. ರಾಣಿಯಾಗಿ ಅಲ್ಲ, ಕತ್ತಿ ಬೇಡ, ಭಾಷಣ ಬೇಡ. ನನಗೂ ಒಂದು ಬಟ್ಟಲು ಸಾರು ಕೊಟ್ಟು, ಉಪ್ಪು ಜಾಸ್ತಿ ಆಯ್ತು ಅಂತ ನಾನೂ ಬೈದು, ಯಾರಾದ್ರೂ ಒಬ್ಬರು ಸ್ವಲ್ಪ ಸರಿದು ಕೂರಬೇಕಿತ್ತು. ಅಷ್ಟೇ."

ಆಕ್ಸ್‌ಬಿ ಕಣ್ಣು ಮುಚ್ಚಿದ. ನಲವತ್ತು ವರ್ಷದ ಹಿಂದೆ ತಾನೇ ಹೊತ್ತಿಸಿದ ಆ ಬೆಂಕಿಯ ಸುತ್ತ ಒಂದು ಸುತ್ತು ನಡೆದು ನೋಡುತ್ತಿದ್ದಾನೆಂದು ಅವನ ಬೆರಳು ಮೇಜಿನ ಮೇಲೆ ನಿಧಾನವಾಗಿ ಗುಂಡಗೆ ಸರಿಯುತ್ತಿದ್ದುದರಿಂದ ತಿಳಿಯುತ್ತಿತ್ತು. ಎರಡು ಸಲ ಸುತ್ತಿದ. ಒಂದು ಕಡೆ ಬೆರಳು ನಿಂತಿತು.

"ಜಾಗ ಇತ್ತು" ಎಂದ. "ಈ ಕಡೆ ಒಂದು ಮರದ ದಿಮ್ಮಿ, ಅದರ ಮೇಲೆ ಯಾರೂ ಕೂತಿಲ್ಲ. ಬೇಕಾದಷ್ಟು ಜಾಗ ಇತ್ತು, ಮರಿಯಾಮಾ. ನನಗೆ ತೋಚಲೇ ಇಲ್ಲ."

ಹಿಂದೆ ಯಾರೋ ನಗಲು ಹೋಗಿ ನಿಲ್ಲಿಸಿದರು. ಅವಳು ಇಷ್ಟು ವರ್ಷ ಅಡಿಟಿಪ್ಪಣಿಗಳ ಸಮೇತ ಸಜ್ಜಾಗಿದ್ದದ್ದು ಒಬ್ಬ ಶತ್ರುವಿಗೆ, ಬಾಗಿಲು ಹಾಕಿ ಅಡ್ಡ ನಿಂತವನಿಗೆ. ಇಲ್ಲಿ ಬಾಗಿಲೇ ಇರಲಿಲ್ಲ. ಕಾರ್ಡಿಗನ್ ತೊಟ್ಟ ಒಬ್ಬ ಮುದುಕ, ಖಾಲಿ ದಿಮ್ಮಿಯೊಂದನ್ನು ಈಗಷ್ಟೇ ಕಂಡು, ತಪ್ಪು ಲೆಕ್ಕ ಮಾಡಿ ಸಿಕ್ಕಿಬಿದ್ದ ಹುಡುಗನಂತೆ ಅವಳ ಮುಖ ನೋಡುತ್ತಿದ್ದ.

"ಗೊತ್ತು" ಎಂದಳು ಮರಿಯಾಮಾ. "ಮುನ್ನೂರು ಪುಟ ನಾನು ಬರೆದದ್ದೂ ಅದನ್ನೇ."

ಹೇಳುವಾಗ ತನಗೆ ಸಿಟ್ಟು ಬರುತ್ತದೆಂದು ಕಾದಳು. ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು, ಸಿಟ್ಟಾದರೆ ಅವಳಿಗೆ ರೂಢಿ.